‘ಗಾಯವಾದ ದಿನಾಂಕ’ ಎಂಬ ಖಾನೆಯ ಬಗ್ಗೆ ಒಂದು ಬಹಿರಂಗ ಪತ್ರ

ಕಾರ್ಮಿಕರ ಪರಿಹಾರದ ಕಾನೂನು ಬರೆಯುವವರಿಗೆ, ಆ ಕಾನೂನು ಹಿಡಿದು ಅರ್ಜಿ ನೋಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಿಮ್ಮ ಅರ್ಜಿ ಫಾರಂನಲ್ಲಿ ಒಂದು ಚಿತ್ರ ಇದೆ. ಮನುಷ್ಯನ ದೇಹದ ಗೆರೆಚಿತ್ರ. ಮುಂದಿನಿಂದ ಒಂದು, ಬೆನ್ನ ಕಡೆಯಿಂದ ಒಂದು. ಗಾಯ ಆಗಿರುವ ಜಾಗಕ್ಕೆ ಗುರುತು ಹಾಕಿ ಅಂತ ಕೆಳಗೆ ಬರೆದಿದೆ. ಆ ಚಿತ್ರದ ಮುಂದೆ ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಎಲ್ಲಿ ಗುರುತು ಹಾಕಲಿ? ಕೊನೆಗೆ ತಲೆಯ ಸುತ್ತ ಒಂದು ಸೊನ್ನೆ ಸುತ್ತಿದೆ. ಕೌಂಟರಿನಲ್ಲಿದ್ದವರು ಅದನ್ನು ನೋಡಿ, “ತಲೆಗೆ ಏಟು ಬಿದ್ದಿತ್ತಾ?” ಅಂತ ಕೇಳಿದರು. ಇಲ್ಲ ಅಂದೆ. “ಮತ್ತೆ ಇದೇನು?” ಅಂದರು. ಹಾಗೆ ಕೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ನನಗೆ ಆಗಿದ್ದನ್ನು ತೋರಿಸುವುದಕ್ಕೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಚಿತ್ರದ ಮೇಲೆ ಇನ್ನೊಂದು ಖಾನೆ ಇದೆ. ‘ಗಾಯವಾದ ದಿನಾಂಕ’. ನನ್ನ ಅರ್ಜಿ ಬಿದ್ದುಹೋಗಿದ್ದು ಆ ಖಾನೆಯಲ್ಲಿ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ನಾನು ಹನ್ನೊಂದು ವರ್ಷ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮೇಲೆ, ಅಂದರೆ ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಮೆಷಿನ್ ಮೇಲೆ, ಕೆಲಸ ಮಾಡಿದವನು. ಒಂದು ರಾತ್ರಿ ಪಾಳಿಯಲ್ಲಿ ಪಕ್ಕದ ಪ್ರೆಸ್ಸಿನ ಹುಡುಗನ ಬಲಗೈ ಡೈ ಒಳಗೆ, ಅಂದರೆ ತಗಡು ಒತ್ತುವ ಅಚ್ಚಿನೊಳಗೆ, ಸಿಕ್ಕಿಕೊಂಡಿತು. ಓಡಿ ಹೋಗಿ ಸ್ವಿಚ್ ಆರಿಸಿದ್ದು ನಾನು. ಚಕ್ರಕ್ಕೆ ಸಲಾಕೆ ಹಾಕಿ ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದ್ದು ನಾನು. ಆಂಬುಲೆನ್ಸ್ ಬರುವವರೆಗೆ ನನ್ನ ಅಂಗಿ ಬಿಚ್ಚಿ ಅವನ ಕೈಗೆ ಸುತ್ತಿ, ಒತ್ತಿ ಹಿಡಿದು ನೆಲದ ಮೇಲೆ ಕೂತಿದ್ದೂ ನಾನೇ. ಅವನಿಗೆ ಮೂರು ಬೆರಳು ಹೋದವು. ನನಗೆ ಒಂದು ತರಚು ಗಾಯವೂ ಆಗಲಿಲ್ಲ.

ಅವನು ಅರ್ಜಿಗಾಗಿ ಓಡಾಡಬೇಕಾಗಲಿಲ್ಲ. ಬೆಳಗಾಗುವುದರೊಳಗೆ ಕಂಪನಿಯವರೇ ಫಾರಂ ತುಂಬಿದ್ದರು. ದಿನಾಂಕ, ಹೊತ್ತು, ಮೆಷಿನ್ ನಂಬರ್ ಎಲ್ಲ ಸರಿಯಾಗಿತ್ತು. ಸಾಕ್ಷಿ ಅನ್ನುವ ಕಡೆ ನನ್ನ ಹೆಸರು ಬರೆದು ಸಹಿ ಹಾಕಿಸಿಕೊಂಡರು. ಅವನಿಗೆ ಸಿಕ್ಕ ಪರಿಹಾರ ನನ್ನ ಲೆಕ್ಕದಲ್ಲಿ ಕಡಿಮೆಯೇ ಆಯಿತು. ಮೂರು ಬೆರಳು ಅಂದರೆ ಸುಮ್ನೆ ಅಲ್ಲ. ಅವನಿಗೆ ಕೊಟ್ಟಿರಿ, ನನಗೆ ಕೊಡಲಿಲ್ಲ ಅಂತ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ರಾತ್ರಿ ಆ ನೆಲದ ಮೇಲೆ ಗಾಯಾಳುಗಳು ಇಬ್ಬರಿದ್ದರು. ಕಾಗದದಲ್ಲಿ ಒಬ್ಬನಿಗೆ ಗಾಯಾಳು ಅಂತ ಹೆಸರು ಬಂತು, ಇನ್ನೊಬ್ಬನಿಗೆ ಸಾಕ್ಷಿ ಅಂತ.

ಮರುದಿನವೇ ನಾನು ಕೆಲಸಕ್ಕೆ ಹೋದೆ. ಎಲ್ಲರೂ ಬೆನ್ನು ತಟ್ಟಿದರು. ಎರಡನೇ ವಾರ ನಿದ್ದೆ ಬರುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋದೆ. ಅವರು ಹತ್ತು ದಿನಕ್ಕೆ ಮಾತ್ರೆ ಕೊಟ್ಟು, ಚೀಟಿಯಲ್ಲಿ ‘ನಿದ್ರಾಹೀನತೆ’ ಅಂತ ಬರೆದರು. ಅಷ್ಟೇ. ಅವರು ಕೆಲಸದ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ತಿಂಗಳುಗಳು ಹೋದವು. ಪ್ರೆಸ್ ಮೇಲೆದ್ದಾಗ ಗಾಳಿ ಬಿಡುವ ಸದ್ದು ಇದೆಯಲ್ಲ, ‘ಸ್ಸ್’ ಅಂತ, ಹನ್ನೊಂದು ವರ್ಷ ಕೇಳಿದ ಸದ್ದು, ಅದು ಕೇಳಿದರೆ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಪೀಸ್ ಲೆಕ್ಕ ಇಳಿಯಿತು. ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ. ರಜೆ ಜಾಸ್ತಿ ಆಯಿತು. ಮನೆಯಲ್ಲಿ ಮಗಳು ಮಲಗಿದ ಮೇಲೆ ಅವಳ ಪಕ್ಕ ಕೂತು, ಒಂದೊಂದೇ ಬೆರಳು ಹಿಡಿದು ಎಣಿಸುತ್ತಿದ್ದೆ. ಹತ್ತು ಇದೆ ಅಂತ ಗೊತ್ತು. ಆದರೂ ಎಣಿಸುತ್ತಿದ್ದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ರಾತ್ರಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. “ಏನ್ರೀ ಮಾಡ್ತಿದ್ದೀರಾ?” ಅಂದಳು. ನನಗೆ ಉತ್ತರ ಬರಲಿಲ್ಲ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದು ಅವಳೇ.

ಕಾಯಿಲೆಗೆ ಹೆಸರು ಸಿಕ್ಕಿದ್ದು ಅಲ್ಲಿ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬರುವ ಮಾನಸಿಕ ಕಾಯಿಲೆ. ಅಲ್ಲಿಯವರೆಗೆ ನಾನು ಅಂಜುಬುರುಕ ಆಗಿಬಿಟ್ಟೆ, ವಯಸ್ಸಾಯಿತು, ಕೆಲಸಕ್ಕೆ ಬಾರದವನಾದೆ ಅಂತಲೇ ಅಂದುಕೊಂಡಿದ್ದೆ. ಇದು ಗಾಯ, ಇದು ಆ ರಾತ್ರಿ ಆದದ್ದು ಅಂತ ಹೇಳಿದ ಮೊದಲ ಮನುಷ್ಯ ಆ ಡಾಕ್ಟರು.

ಆಮೇಲೆ ಅರ್ಜಿ ಹಾಕಿದೆ. ಗಡುವು ಮುಗಿದು 41 ದಿನ ಆಗಿತ್ತು.

ಉತ್ತರ ನಾಲ್ಕು ಸಾಲಿನದು. ಗಾಯವಾದ ದಿನ ಅಂದರೆ ಅಪಘಾತದ ದಿನ, ಅಲ್ಲಿಂದ ಎಣಿಸಿದರೆ ಅರ್ಜಿ ತಡವಾಗಿದೆ ಅಂತ ಮೊದಲ ಎರಡು ಸಾಲು. ಒಂದು ವೇಳೆ ಕಾಯಿಲೆ ಗೊತ್ತಾದ ದಿನದಿಂದ ಎಣಿಸಿದರೂ, ಅರ್ಜಿದಾರರು ಎರಡನೇ ವಾರದಲ್ಲೇ ವೈದ್ಯರನ್ನು ಕಂಡಿದ್ದಾರೆ, ಆದ್ದರಿಂದ ಆಗಲೇ ಗೊತ್ತಿತ್ತು ಅಂತ ಉಳಿದ ಎರಡು ಸಾಲು. ಮಾತ್ರೆ ಕೊಟ್ಟ ಡಾಕ್ಟರಿಗೇ ತಿಳಿಯದಿದ್ದದ್ದು, ಮಾತ್ರೆ ತಿಂದವನಿಗೆ ತಿಳಿದಿತ್ತು ಅಂತ ಹೇಗೆ ಬರೆದಿರಿ? ಇದನ್ನು ಸಿಟ್ಟಿನಿಂದ ಕೇಳುತ್ತಿಲ್ಲ. ನಿಜವಾಗಿಯೂ ನನಗೆ ಅರ್ಥವಾಗಿಲ್ಲ. ಬೇಗ ಡಾಕ್ಟರ ಹತ್ತಿರ ಹೋದವನಿಗೆ ಹೋದದ್ದೇ ಮುಳುವಾಯಿತು. ಹೋಗದೇ ಇದ್ದಿದ್ದರೆ ‘ಕಾಯಿಲೆಯೇ ಇರಲಿಲ್ಲ’ ಅನ್ನುತ್ತಿದ್ದಿರಿ, ಅಲ್ವಾ?

ಆ ಉತ್ತರ ಬಂದ ಮೇಲೆ ಕೂತು ಓದತೊಡಗಿದೆ. ನಾನು ವಕೀಲನಲ್ಲ. ಆದರೆ ಬಿಡುವು ಇದ್ದವನಿಗೆ ಮತ್ತು ನಿದ್ದೆ ಬಾರದವನಿಗೆ ಓದುವುದಕ್ಕೆ ರಾತ್ರಿ ದೊಡ್ಡದು.

ಓದಿದಾಗ ಮೊದಲು ಸಿಕ್ಕಿದ್ದು 1910ರ ಒಂದು ತೀರ್ಪು. ಇಂಗ್ಲೆಂಡಿನದು. ಯೇಟ್ಸ್ ಎಂಬ ಕಲ್ಲಿದ್ದಲು ಗಣಿ ಕೆಲಸಗಾರ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವನ ಕೂಗು ಕೇಳಿ ಸಹಾಯಕ್ಕೆ ಓಡಿದ. ಆ ಜೊತೆಗಾರ ಉಳಿಯಲಿಲ್ಲ. ಯೇಟ್ಸ್ ಮೈಗೆ ಏನೂ ಆಗಿರಲಿಲ್ಲ, ಆದರೆ ಆ ಆಘಾತದಿಂದ ಅವನಿಗೆ ಮತ್ತೆ ಕೆಲಸ ಮಾಡಲು ಆಗಲಿಲ್ಲ. ಇದೂ ಗಾಯವೇ, ಕಾಲು ಮುರಿದಷ್ಟೇ ನಿಜವಾದ ಗಾಯ ಅಂತ ಕೋರ್ಟು ಒಪ್ಪಿ ಪರಿಹಾರದ ಹಕ್ಕು ಕೊಟ್ಟಿತು. ಆ ಪುಟ ಓದಿ ನಾನು ಅತ್ತೆ. ನೂರು ವರ್ಷಕ್ಕೂ ಹಿಂದೆ, ಪಿಟಿಎಸ್‌ಡಿ ಎಂಬ ಹೆಸರೇ ಇಲ್ಲದ ಕಾಲದಲ್ಲಿ, ನನ್ನಂಥವನೊಬ್ಬನಿಗೆ ಯಾರೋ ಹೌದು ಅಂದಿದ್ದರು. ಆ ಹೆಸರು ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂಗೆ ಬಂದಿದ್ದು 1980ರಲ್ಲಿ.

ಇನ್ನೊಂದು 1949ರದು, ಅಮೆರಿಕದ ಸುಪ್ರೀಂ ಕೋರ್ಟಿನದು. ಯೂರಿ ಎಂಬಾತ ರೈಲು ಎಂಜಿನ್ನಿನಲ್ಲಿ ಸುಮಾರು 30 ವರ್ಷ ಕೆಲಸ ಮಾಡಿ, ಮರಳಿನ ಸಣ್ಣ ಧೂಳು ಉಸಿರಾಡಿ, ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿಸಿಕೊಂಡಿದ್ದ. ದಾವೆ ಹಾಕಲು ಮೂರು ವರ್ಷದ ಗಡುವು ಇತ್ತು. ಧೂಳು ಒಳಗೆ ಹೋಗಿದ್ದು ಎಷ್ಟೋ ವರ್ಷಗಳ ಹಿಂದೆ, ಆದ್ದರಿಂದ ಗಡುವು ಮುಗಿದಿದೆ ಅಂತ ರೈಲ್ವೆ ಕಂಪನಿಯ ವಾದ. ಕೋರ್ಟು ಒಪ್ಪಲಿಲ್ಲ. ಮೆಲ್ಲಗೆ ಬರುವ ಕಾಯಿಲೆಯಲ್ಲಿ, ಅದು ಹೊರಗೆ ಕಾಣಿಸಿಕೊಂಡಾಗಲೇ ಗಾಯ ಆಯಿತು ಅಂತ ಲೆಕ್ಕ ಹಿಡಿಯಬೇಕು, ತನಗೇ ಗೊತ್ತಿಲ್ಲದ ಕಾಯಿಲೆಗೆ ಮನುಷ್ಯ ಅರ್ಜಿ ಹಾಕಲಿಲ್ಲ ಅಂತ ಶಿಕ್ಷೆ ಕೊಡಲಾಗದು ಅಂತ ಹೇಳಿತು.

ಹಾಗಾದರೆ ಶ್ವಾಸಕೋಶಕ್ಕೆ 1949ರಲ್ಲೇ ಸಿಕ್ಕ ಸಮಯ ಮನಸ್ಸಿಗೆ ಇನ್ನೂ ಯಾಕೆ ಸಿಕ್ಕಿಲ್ಲ? ನನ್ನ ಪ್ರಶ್ನೆ ಇದೊಂದೇ.

ಮನಸ್ಸಿನ ಗಾಯವೂ ತಡವಾಗಿ ಬರುತ್ತದೆ ಅನ್ನುವುದು ನನ್ನ ಸ್ವಂತ ಕಲ್ಪನೆ ಅಲ್ಲ. ಡಿಎಸ್‌ಎಂನ 2013ರ ಆವೃತ್ತಿಯಲ್ಲಿ ಪಿಟಿಎಸ್‌ಡಿ ಅನ್ನಬೇಕಾದರೆ ಲಕ್ಷಣಗಳು ಒಂದು ತಿಂಗಳಿಗಿಂತ ಜಾಸ್ತಿ ಇರಬೇಕು. ಅದರಲ್ಲೇ ‘ತಡವಾಗಿ ಕಾಣಿಸಿಕೊಳ್ಳುವ’ ಬಗೆ ಅಂತ ಒಂದನ್ನು ಬೇರೆಯಾಗಿ ಗುರುತಿಸಿದ್ದಾರೆ: ಘಟನೆ ನಡೆದು ಕನಿಷ್ಠ ಆರು ತಿಂಗಳವರೆಗೆ ಕಾಯಿಲೆಯ ಎಲ್ಲ ಲಕ್ಷಣ ಪೂರ್ತಿಯಾಗಿ ಕೂಡಿಬರದೆ, ಆಮೇಲೆ ಕೂಡಿಬರುವುದು. ಈಗ ಗಡುವುಗಳನ್ನು ನೋಡಿ. ಕೆನಡಾದ ಒಂಟಾರಿಯೊದಲ್ಲಿ ಅಪಘಾತ ಆಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅಂದರೆ ಡಾಕ್ಟರ ಪುಸ್ತಕ ‘ಈಗ ತಾನೇ ಶುರು ಆಗಬಹುದು’ ಅನ್ನುವ ದಿನ, ಕಾನೂನಿನ ಪುಸ್ತಕ ‘ಮುಗಿಯಿತು’ ಅನ್ನುತ್ತದೆ. ಗಡುವು ವಿಸ್ತರಿಸುವ ಅಧಿಕಾರ ಅಲ್ಲಿನ ಮಂಡಳಿಗೆ ಇದೆ, ಅದನ್ನೂ ಹೇಳಬೇಕು. ಆದರೆ ಹಕ್ಕು ಅನ್ನುವುದೇ ಬೇರೆ, ಕೇಳಿ ಪಡೆಯುವ ದಯೆಯೇ ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ. ಅಲ್ಲಿ ದಿನಾಂಕದ ಪ್ರಶ್ನೆಗೆ ಎರಡು ಉತ್ತರ ಇವೆ. ದಿನದಿನವೂ ಸವೆದು ಆದ ಗಾಯವಾದರೆ, ಅಥವಾ ವೃತ್ತಿಯಿಂದ ಬಂದ ಕಾಯಿಲೆಯಾದರೆ, ಎರಡು ಸಂಗತಿ ಕೂಡಿದ ದಿನವೇ ಗಾಯದ ದಿನ: ಅದರಿಂದ ಕೆಲಸ ಮಾಡಲಾಗದಂತೆ ಆಗಿರಬೇಕು, ಅದು ಕೆಲಸದಿಂದ ಬಂದದ್ದು ಅಂತ ಕಾರ್ಮಿಕನಿಗೆ ತಿಳಿದಿರಬೇಕು ಅಥವಾ ತಿಳಿಯಬೇಕಾಗಿತ್ತು. ತುಂಬಾ ಒಳ್ಳೆಯ ನಿಯಮ. ಆದರೆ ಒಂದೇ ಘಟನೆಯಿಂದ ಆದ ಗಾಯಕ್ಕೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಘಟನೆ ನಡೆದ ದಿನವೇ ಗಾಯದ ದಿನ. ವರ್ಷಗಟ್ಟಲೆ ಕಿರುಕುಳ ಅನುಭವಿಸಿದವನಿಗೆ ಒಂದು ಗಡಿಯಾರ, ಒಂದೇ ರಾತ್ರಿಯಲ್ಲಿ ಮುರಿದವನಿಗೆ ಇನ್ನೊಂದು. ಒಂದೇ ರಾತ್ರಿಯ ಗಾಯವೂ ಒಂದು ವರ್ಷ ಒಳಗೇ ಕೂತಿರಬಹುದು ಅನ್ನುವುದಕ್ಕೆ ನಾನಿದ್ದೇನೆ.

ಜಪಾನಿನಲ್ಲಿ ಚಿಕಿತ್ಸೆಯ ಖರ್ಚಿಗೆ, ಕೆಲಸ ತಪ್ಪಿದ ದಿನಗಳ ಹಣಕ್ಕೆ ಎರಡು ವರ್ಷ. ಶಾಶ್ವತ ಊನಕ್ಕೆ ಮತ್ತು ಸತ್ತವರ ಮನೆಯವರಿಗೆ ಐದು ವರ್ಷ. ಭಾರತದ 1923ರ ನೌಕರರ ಪರಿಹಾರ ಕಾಯಿದೆಯಲ್ಲಿ ಎರಡು ವರ್ಷ ಇತ್ತು. ತಡವಾದದ್ದಕ್ಕೆ ಸಾಕಷ್ಟು ಕಾರಣ ಇದ್ದರೆ ಆಮೇಲೂ ಅರ್ಜಿ ತೆಗೆದುಕೊಳ್ಳುವ ಅಧಿಕಾರ ಕಮಿಷನರ್‌ಗೆ ಇತ್ತು. ಆದರೆ ಅದೇ ಕಾಯಿದೆಯ ವೃತ್ತಿ ಕಾಯಿಲೆಗಳ ಪಟ್ಟಿಯಲ್ಲಿ ಸೀಸದಿಂದ ಬರುವುದು, ಧೂಳಿನಿಂದ ಬರುವುದು ಎಲ್ಲ ಇದ್ದವು, ಮನಸ್ಸಿನ ಕಾಯಿಲೆ ಒಂದೂ ಇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ವೃತ್ತಿ ಕಾಯಿಲೆಗಳ ಪಟ್ಟಿಗೆ 2010ರಲ್ಲಿ ಮಾನಸಿಕ ಕಾಯಿಲೆಗಳನ್ನು ಸೇರಿಸಿತು. ಅದರಲ್ಲಿ ಹೆಸರು ಹಿಡಿದು ಬರೆದದ್ದು ಪಿಟಿಎಸ್‌ಡಿಯನ್ನೇ. ಪಟ್ಟಿಗೆ ಸೇರಿಸಿ ಗಡಿಯಾರವನ್ನು ಹಾಗೇ ಬಿಟ್ಟರೆ, ಬಾಗಿಲು ಮಾಡಿಸಿ ಬೀಗ ಹಾಕಿದ ಹಾಗೆ.

ಈಗ ಕಾಯಿಲೆಯ ಒಳಗಿನ ಒಂದು ಮಾತು ಹೇಳಬೇಕು. ಇದನ್ನು ಅನುಭವಿಸದವರಿಗೆ ತಿಳಿಯುವುದು ಕಷ್ಟ.

ಪಿಟಿಎಸ್‌ಡಿಯ ಮುಖ್ಯ ಲಕ್ಷಣಗಳಲ್ಲಿ ಒಂದು, ತಪ್ಪಿಸಿಕೊಳ್ಳುವುದು. ಆ ಘಟನೆಯ ನೆನಪು, ಆ ಜಾಗ, ಆ ಜನ, ಆ ಮಾತು, ಯಾವುದೂ ಬೇಡ ಅನ್ನಿಸುವುದು. ನಾನು ಆ ಪ್ರೆಸ್ಸಿನ ಸಾಲು ಬಿಟ್ಟು ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಆ ಹುಡುಗ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಈಗ ನಿಮ್ಮ ಫಾರಂ ಏನು ಕೇಳುತ್ತದೆ? ಏನಾಯಿತು, ಎಲ್ಲಿ ಆಯಿತು, ಯಾರಿದ್ದರು, ನೀವು ಏನು ನೋಡಿದಿರಿ, ವಿವರವಾಗಿ ಬರೆಯಿರಿ. ಯಾವುದನ್ನು ಮಾಡಲು ಬಿಡದಿರುವುದೇ ಈ ಕಾಯಿಲೆಯ ಗುಣವೋ, ಅದನ್ನೇ ಮಾಡು ಅಂತ ಫಾರಂ ಹೇಳುತ್ತದೆ, ಅದೂ ಗಡುವು ಇಟ್ಟು. ಕಾಲು ಮುರಿದವನಿಗೆ ಅರ್ಜಿಯನ್ನು ಮೂರನೇ ಮಹಡಿಗೆ ಹತ್ತಿ ಬಂದು ಕೊಡು ಅಂದ ಹಾಗಲ್ಲವೇ ಇದು? ನಾನು ಆ ವಿವರದ ಪುಟ ಬರೆಯಲು ಒಂಬತ್ತು ದಿನ ತೆಗೆದುಕೊಂಡೆ. ಎರಡು ಸಾಲು ಬರೆಯುವುದು, ಎದ್ದು ಹೋಗಿ ಕೈ ತೊಳೆಯುವುದು. ಕೊನೆಗೆ ನಾನು ಹೇಳಿದ್ದನ್ನು ಹೆಂಡತಿ ಬರೆದುಕೊಂಡಳು. ಅರ್ಧದಲ್ಲಿ ಅವಳೂ ಪೆನ್ನು ಕೆಳಗಿಟ್ಟಳು.

ಇದಕ್ಕೆ ನೀವು ಕೊಡುವ ಉತ್ತರ ನನಗೆ ಗೊತ್ತು. ಗಡುವು ಇಲ್ಲದಿದ್ದರೆ ಹತ್ತು ವರ್ಷದ ಹಿಂದಿನ ಮಾತು ತೆಗೆದುಕೊಂಡು ಜನ ಬರುತ್ತಾರೆ, ಸಾಕ್ಷಿಗಳು ಎಲ್ಲೋ ಹೋಗಿರುತ್ತಾರೆ, ಕಾಗದಪತ್ರ ಕಳೆದಿರುತ್ತದೆ, ಕೆಲಸ ಕೊಟ್ಟವರಿಗೂ ನ್ಯಾಯ ಬೇಕು. ಒಪ್ಪುತ್ತೇನೆ. ಗಡುವು ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಯಾವಾಗ ಶುರು ಆಗಬೇಕು ಅಂತ ಕೇಳುತ್ತಿದ್ದೇನೆ. ಸುಳ್ಳು ಅರ್ಜಿಯ ಭಯ ಇದ್ದರೆ ಅದಕ್ಕೆ ಜರಡಿ ಬೇರೆಯೇ ಇದೆ. ಕ್ಯಾಲಿಫೋರ್ನಿಯಾದಲ್ಲೇ ನೋಡಿ: ಮಾನಸಿಕ ಗಾಯ ಆದವನು ತನ್ನ ಕಾಯಿಲೆಯ ಎಲ್ಲ ಕಾರಣಗಳಲ್ಲಿ ಕೆಲಸದ ಪಾಲು ಅರ್ಧಕ್ಕಿಂತ ಜಾಸ್ತಿ ಅಂತ ಸಾಮಾನ್ಯವಾಗಿ ತೋರಿಸಬೇಕು. ಸಾಮಾನ್ಯವಾಗಿ ಆ ಕೆಲಸದಲ್ಲಿ ಆರು ತಿಂಗಳಾದರೂ ಇದ್ದಿರಬೇಕು. ಬೆರಳು ಕಳೆದುಕೊಂಡವನಿಗೆ ಈ ಎರಡು ಷರತ್ತೂ ಇಲ್ಲ. ಇಷ್ಟು ಜರಡಿ ಹಿಡಿದ ಮೇಲೂ ದಿನಾಂಕದ ಬಾಗಿಲಲ್ಲೇ ನಿಲ್ಲಿಸಿದರೆ, ನಿಜ ಹೇಳುವವನಿಗೆ ಸಾಬೀತು ಮಾಡುವ ಅವಕಾಶವೂ ಸಿಗುವುದಿಲ್ಲ. ನನ್ನ ಕಡತದಲ್ಲಿ ನನಗೆ ಕಾಯಿಲೆ ಇದೆಯೋ ಇಲ್ಲವೋ ಅಂತ ಯಾರೂ ನೋಡಲೇ ಇಲ್ಲ. ಸಾಕ್ಷಿಯೂ ಬೇಕಾದಷ್ಟು ಇತ್ತು. ಅದೇ ಅಪಘಾತದ ಕಡತ ನಿಮ್ಮದೇ ಕಪಾಟಿನಲ್ಲಿ ಇದೆ, ನನ್ನ ಸಹಿಯೊಂದಿಗೆ.

ಕೆಲವು ಕಡೆ ಕಾನೂನು ಮುಂದೆ ಬಂದಿದೆ. ಅಗ್ನಿಶಾಮಕದವರು, ಪೊಲೀಸರಿಗೆ ಪಿಟಿಎಸ್‌ಡಿ ಬಂದರೆ ಅದು ಕೆಲಸದಿಂದಲೇ ಬಂದದ್ದು ಅಂತ ಮೊದಲೇ ನಂಬಿ ನಡೆಯುವ ನಿಯಮ ಒಂಟಾರಿಯೊದಲ್ಲಿ 2016ರಲ್ಲಿ ಬಂತು, ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಜಾರಿಗೆ ಬಂತು. ಅವರಿಗೆ ಸಿಗಲೇಬೇಕು. ಆದರೆ ರಕ್ತ ನೋಡುವವರು ಸಮವಸ್ತ್ರ ಹಾಕಿದವರು ಮಾತ್ರವಲ್ಲ. ಆಂಬುಲೆನ್ಸ್ ಬರುವ ಮೊದಲು ಅಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಇದನ್ನು ಓದುತ್ತಿರುವ ನನ್ನಂಥ ಕೆಲಸಗಾರರಿಗೆ ಒಂದು ಮಾತು, ಅಧಿಕಾರಿಗಳು ಅರ್ಧ ನಿಮಿಷ ತಾಳಬೇಕು. ಕೆಲಸದಲ್ಲಿ ಭೀಕರವಾದದ್ದೇನಾದರೂ ನೋಡಿದ್ದರೆ, ಮೈಗೆ ಏನೂ ಆಗದಿದ್ದರೂ, ಆ ವಾರವೇ ಒಂದು ಹಾಳೆಯಲ್ಲಿ ಬರೆದು ಕೆಲಸ ಕೊಟ್ಟವರಿಗೆ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ಸಾಲದು. ತಿಳಿಸುವುದು ಬೇರೆ, ಅರ್ಜಿ ಹಾಕುವುದು ಬೇರೆ, ಎರಡಕ್ಕೂ ಬೇರೆ ಬೇರೆ ಗಡುವು ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ತಿಳಿಸುವುದಕ್ಕೆ 30 ದಿನ, ತಿಳಿದ ಮೇಲೆ ಒಂದು ಕೆಲಸದ ದಿನದೊಳಗೆ ಫಾರಂ ಕೊಡುವುದು ಕಂಪನಿಯ ಕೆಲಸ. ನಿಮ್ಮಲ್ಲಿ ಎಷ್ಟು ದಿನ ಅಂತ ಇವತ್ತೇ ಕೇಳಿಕೊಳ್ಳಿ. ಡಾಕ್ಟರ ಹತ್ತಿರ ಹೋದರೆ ನಿದ್ದೆ ಇಲ್ಲ ಅಂತ ಮಾತ್ರ ಹೇಳಬೇಡಿ, ಏನು ನೋಡಿದಿರಿ ಅಂತಲೂ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿ. ಕಂಪನಿಯ ಒಳಗಿನ ವಿಚಾರಣೆ ಮುಗಿಯಲಿ ಅಂತ ಕಾಯಬೇಡಿ, ಅದು ನಡೆಯುತ್ತಿದೆ ಅಂತ ಗಡುವು ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ. ಕೆಲಸದಿಂದ ತೆಗೆಯುವ ಸೂಚನೆ ಬರುವ ಮುಂಚೆಯೇ ಹಾಕಿ. ಆಮೇಲೆ ಹಾಕಿದ ಮಾನಸಿಕ ಗಾಯದ ಅರ್ಜಿಗೆ ಕೆಲವು ಕಡೆ ಹೆಚ್ಚಿನ ಅಡ್ಡಿಗಳಿವೆ. ಗಡುವು ದಾಟಿದ್ದರೂ ಹಾಕಿ. ತಡ ಯಾಕಾಯಿತು ಅಂತ ಡಾಕ್ಟರಿಂದಲೇ ಬರೆಸಿ ಜೊತೆಗೆ ಇಡಿ.

ಮತ್ತೆ ನಿಮಗೆ, ಅಧಿಕಾರಿಗಳೇ. ನಾನು ಕೇಳುವುದು ದೊಡ್ಡದೇನಲ್ಲ. ಮನಸ್ಸಿನ ಗಾಯದಲ್ಲಿ, ಇದು ಕೆಲಸದಿಂದ ಬಂದ ಕಾಯಿಲೆ ಅಂತ ತಿಳಿದ ವೈದ್ಯರು ಆ ಮನುಷ್ಯನಿಗೆ ಹೇಳಿದ ದಿನದಿಂದ ಗಡುವು ಎಣಿಸಿ. ಅಪಘಾತ ಒಂದೇ ರಾತ್ರಿಯದಾದರೂ ಹಾಗೇ ಎಣಿಸಿ. ನಿದ್ದೆ ಮಾತ್ರೆಗೆ ಹೋದ ದಿನವನ್ನು ತಿಳಿದ ದಿನ ಅಂತ ಹಿಡಿಯಬೇಡಿ. ತಡವಾಗುವುದಕ್ಕೆ ಕಾಯಿಲೆಯೇ ಕಾರಣ ಅಂತ ವೈದ್ಯರು ಬರೆದುಕೊಟ್ಟರೆ, ಅದನ್ನು ಸಾಕಷ್ಟು ಕಾರಣ ಅಂತ ಒಪ್ಪುವ ಒಂದು ಸಾಲು ಕಾನೂನಿನಲ್ಲೇ ಇರಲಿ, ಅಧಿಕಾರಿಯ ಮನಸ್ಸಿಗೆ ಬಿಡಬೇಡಿ. ಅಪಘಾತದ ವರದಿ ಬರೆಯುವಾಗ ಸಾಕ್ಷಿಗಳಿಗೂ ಒಂದು ಹಾಳೆ ಕೊಡಿ, ನಿಮಗೂ ಹಕ್ಕು ಇದೆ, ಇಷ್ಟು ದಿನದೊಳಗೆ ಹೇಳಿ ಅಂತ. ಆ ರಾತ್ರಿ ನನ್ನಿಂದ ಸಹಿ ಹಾಕಿಸಿಕೊಂಡವರು ಅಂಥದೊಂದು ಹಾಳೆ ನನ್ನ ಜೇಬಿಗೆ ಹಾಕಿದ್ದರೆ, ಹೆಂಡತಿಯಾದರೂ ಅದನ್ನು ಅಂಗಿ ಒಗೆಯುವಾಗ ನೋಡುತ್ತಿದ್ದಳು.

ಕಳೆದ ತಿಂಗಳು ಆ ಹುಡುಗ ಮನೆಗೆ ಬಂದಿದ್ದ. ಈಗ ಎಡಗೈಯಲ್ಲಿ ಬರೆಯುವುದು ಕಲಿತಿದ್ದಾನೆ. ನನ್ನ ಅರ್ಜಿ ವಿಷಯ ಕೇಳಿ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, “ನನ್ನ ಫಾರಂ ಬರೆದ ದಿನಾನೇ ನಿಮ್ಮದೂ ಬರೀಬೇಕಿತ್ತಣ್ಣ” ಅಂದ. ನನ್ನ ಕಡೆಯಿಂದ ಹೇಳಿಕೆ ಕೊಡುತ್ತೇನೆ ಅಂತ ಎಡಗೈಯಲ್ಲೇ ಒಂದು ಪುಟ ಬರೆದುಕೊಟ್ಟಿದ್ದಾನೆ. ಅದು ನನ್ನ ಮೇಲ್ಮನವಿಯ ಜೊತೆ ಇದೆ.

ಮೇಲ್ಮನವಿಯ ಫಾರಂನಲ್ಲೂ ಅದೇ ಖಾನೆ ಇತ್ತು, ‘ಗಾಯವಾದ ದಿನಾಂಕ’. ಈ ಸಲ ಎರಡು ದಿನಾಂಕ ಬರೆದಿದ್ದೇನೆ. ಒಂದು ಆ ರಾತ್ರಿಯದು. ಇನ್ನೊಂದು ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನದ್ದು. ಖಾನೆ ಚಿಕ್ಕದು, ಎರಡನೆಯದು ಹಾಳೆಯ ಅಂಚಿಗೆ ಹೋಗಿದೆ. ದಯವಿಟ್ಟು ಅದನ್ನೂ ಓದಿ.

ಇಂತಿ ನಿಮ್ಮ,
ಒಬ್ಬ ಪ್ರೆಸ್ ಆಪರೇಟರ್